ಶಂಕರಮ್ಮನ ಸ್ಲೇಟು

ಒದ್ದೆ ಬಟ್ಟೆಯನ್ನು ಹಿಂಡಿಕೊಂಡು ಸ್ಲೇಟಿನ ಕಡೆ ಬಗ್ಗಿದ್ದ ಪ್ರೇಮಮ್ಮನ ಮಣಿಕಟ್ಟನ್ನು ಪಕ್ಕದ ಮನೆಯ ಈಶ್ವರಮ್ಮ ಗಪ್ಪನೆ ಹಿಡಿದುಕೊಂಡಳು.

"ಏನ್ ಮಾಡ್ತಿದ್ದೀಯೇ? ತೆಗಿ ಕೈ ಅತ್ಲಾಗೆ!"

"ಒರಸ್ಬೇಕಲ್ಲ ಈಶ್ವರಕ್ಕ. ಬೆಳಗಾಯ್ತು."

"ಬೆಳಗಾಯ್ತಂತೆ ಬೆಳಗು! ನಿಮ್ಮಕ್ಕ ಅಲ್ಲಿ ಗೋಡೆಗೊರಗಿ ಕೂತವಳೆ, ಇವಳಿಗೆ ಸ್ಲೇಟು ಒರೆಸೋ ಆತುರ. ಕೊನೇದು ಕಣೇ ಅದು. ಅವಳ ಕೈಯಿಂದ ಆಗಿದ್ದು ಕೊನೇದು. ಕಣ್ಣಿಗಾದ್ರೂ ಒತ್ಕೊಳ್ಳೇ."

ಪ್ರೇಮಮ್ಮ ಕೈ ಬಿಡಿಸಿಕೊಳ್ಳಲಿಲ್ಲ. ಬಟ್ಟೆಯ ನೀರು ತೊಟ್ಟು ತೊಟ್ಟಾಗಿ ಅವಳ ಪಾದದ ಮೇಲೆಯೇ ಬೀಳುತ್ತಿತ್ತು. ಅಭ್ಯಾಸಬಲ ಅನ್ನುವುದು ಎಂಥ ದಡ್ಡ ಪ್ರಾಣಿ ನೋಡಿ. ಕೋಳಿ ಕೂಗುವ ಹೊತ್ತಿಗೆ ಓರಗಿತ್ತಿ ಶಂಕರಮ್ಮ ಲಿಂಗೈಕ್ಯಳಾಗಿದ್ದಳು. ಮೈ ತೊಳೆಸಿ, ಹಣೆ ತುಂಬ ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗವಿಟ್ಟು, ನಡುಮನೆಯ ಗೋಡೆಗೆ ಒರಗಿಸಿ ಮಣೆಯ ಮೇಲೆ ಕೂರಿಸಿದ್ದಾಗಿತ್ತು. ಮೈ ವಾಲದಿರಲೆಂದು ಎದೆಗೆ ಸುತ್ತಿದ ಬಿಳಿ ಬಟ್ಟೆಯನ್ನು ಗೋಡೆಯ ಗೂಟಕ್ಕೆ ಕಟ್ಟಿದ್ದರು. ಇಷ್ಟೆಲ್ಲ ತಾನೇ ಮುಂದೆ ನಿಂತು ಮಾಡಿಸಿದ ಪ್ರೇಮಮ್ಮ, ಕಣ್ಣು ಒರೆಸಿಕೊಂಡು, ಹಿತ್ತಲ ಜಗಲಿಗೆ ಬಂದು, ದಿನದ ಹಾಗೆ ಬಟ್ಟೆ ನೆನೆಸಿಕೊಂಡುಬಿಟ್ಟಿದ್ದಳು.

ಈಶ್ವರಮ್ಮ ಸ್ಲೇಟನ್ನು ಬೆಳಕಿಗೆ ಹಿಡಿದು ನೋಡಿದಳು. ಮರದ ಚೌಕಟ್ಟಿನ ಹಳೆಯ ಕಲ್ಲು ಸ್ಲೇಟು, ಒಂದು ಮೂಲೆ ಮುಕ್ಕಾಗಿತ್ತು. ಅದರ ಮೇಲೆ ಬಳಪದಲ್ಲಿ ಬರೆದ ಆಕಾರ ಕೆಳಗೆ ಗುಂಡಗೆ, ನಡುವೆ ಸಣ್ಣಗೆ, ಮೇಲೆ ಬೋರಲಾಗಿತ್ತು. ಪಕ್ಕದಲ್ಲಿ ಒಂದು ಡೊಂಕು ಗೆರೆ ಮೇಲಕ್ಕೆ ಹೋಗಿ ತುದಿಯಲ್ಲಿ ಅಗಲವಾಗಿತ್ತು.

"ಅಯ್ಯೋ ಶಿವನೇ! ಲಿಂಗ ಕಣೇ ಇದು! ಪಾಣಿಪೀಠ, ಮೇಲೆ ಲಿಂಗ, ಪಕ್ಕದಾಗೆ ನಾಗರಹೆಡೆ! ಹೋಗೋದು ಗೊತ್ತಾಗಿತ್ತು ಕಣೇ ನಿಮ್ಮಕ್ಕಂಗೆ!"

"ಅಲ್ಲ ಈಶ್ವರಕ್ಕ, ಅದು..." ಎಂದು ಪ್ರೇಮಮ್ಮ ಬಾಯಿ ತೆರೆಯುವಷ್ಟರಲ್ಲಿ ಈಶ್ವರಮ್ಮ ಸ್ಲೇಟನ್ನು ಎದೆಗವಚಿಕೊಂಡು ನಡುಮನೆಗೆ ಹೋಗಿಯಾಗಿತ್ತು. ಅರ್ಧ ಗಂಟೆಯೊಳಗೆ ಅಜ್ಜಂಪುರದ ಸ್ಟೇಷನ್ ರಸ್ತೆಗೆಲ್ಲ ಸುದ್ದಿ ಮುಟ್ಟಿತು. ಊಟದ ಹೋಟೆಲಿನ ಶಂಕರಮ್ಮ ಕೊನೆಯುಸಿರಿಗೆ ಮುಂಚೆ ಲಿಂಗ ಬರೆದಿಟ್ಟು ಹೋದಳಂತೆ. ಬಂದವರು ಮೊದಲು ಹೆಣಕ್ಕೆ ಕೈ ಮುಗಿದರು, ಆಮೇಲೆ ಸ್ಲೇಟಿಗೆ. ಯಾರೋ ಅದರ ಮೇಲೊಂದು ಬಿಲ್ವಪತ್ರೆ ಇಟ್ಟರು, ಇನ್ಯಾರೋ ಊದಿನಕಡ್ಡಿ ಹಚ್ಚಿದರು.

ಪ್ರೇಮಮ್ಮ ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದಳು. ಬಟ್ಟೆ ಇನ್ನೂ ಕೈಯಲ್ಲೇ ಇತ್ತು.

*

ಈ ಸ್ಲೇಟಿನ ಕತೆ ಶುರುವಾದದ್ದು ಹದಿನಾಲ್ಕು ವರ್ಷದ ಹಿಂದೆ, ಒಂದು ಎತ್ತಿನಿಂದ.

ಆಗ ಅತ್ತೆ ಮಲ್ಲಿಕಾಂಬ ಇದ್ದರು. ಹೋಟೆಲಿನ ಗಲ್ಲದಲ್ಲಿ, ದುಡ್ಡಿನ ಪೆಟ್ಟಿಗೆಯ ಮುಂದೆ, ಕೂರುತ್ತಿದ್ದವನು ಹಿರಿಯ ಮಗ ತೀರ್ಥಪ್ಪನಾದರೂ ಹೋಟೆಲು ನಡೆಯುತ್ತಿದ್ದದ್ದು ಮಲ್ಲಿಕಾಂಬನವರ ಗಂಟಲಿನಿಂದ. ಅಡಿಗೆಮನೆಯಲ್ಲಿ ಇಬ್ಬರು ಸೊಸೆಯರು. ಹಿರಿಯವಳು ಪಂಚನಹಳ್ಳಿಯ ಕಡೆಯಿಂದ ಬಂದ ಶಂಕರಮ್ಮ, ತೀರ್ಥಪ್ಪನ ಹೆಂಡತಿ. ಕಿರಿಯವಳು ಪ್ರೇಮಮ್ಮ. ಮದುವೆಯಾದ ಎರಡನೆಯ ವರ್ಷಕ್ಕೇ ಜ್ವರದಲ್ಲಿ ಗಂಡನನ್ನು ಕಳೆದುಕೊಂಡು, ತವರಿಗೆ ಹೋಗದೆ ಅಲ್ಲೇ ಉಳಿದವಳು. ರೊಟ್ಟಿ ತಟ್ಟುವುದು ಒಬ್ಬಳು, ಬೇಯಿಸುವುದು ಒಬ್ಬಳು. ಈರುಳ್ಳಿ ಮಂಡಿಯ ಹಮಾಲರು, ರೈಲಿನವರು, ಗಾಡಿಯವರು ಉಂಡು ಎದ್ದ ಮೇಲೆ ಪಾತ್ರೆ ಬೆಳಗಿ ಕೂತರೆ ಸಂಜೆಯ ಒಲೆ ಹಚ್ಚುವವರೆಗೆ ಒಂದಿಷ್ಟು ಬಿಡುವು. ಆ ಬಿಡುವಿನಲ್ಲಿ ಪ್ರೇಮಮ್ಮ ಮಲಗಿ ನಿದ್ದೆ ಮಾಡುತ್ತಿದ್ದಳು. ಶಂಕರಮ್ಮ ಸುಮ್ಮನೆ ಹಿತ್ತಲನ್ನು ನೋಡುತ್ತ ಕೂರುತ್ತಿದ್ದಳು.

ಒಂದು ದಿನ ಗಾಡಿಯ ಕರಿಸಿದ್ದಪ್ಪ ಎತ್ತು ಬಿಚ್ಚಿ ಹಿತ್ತಲ ಹುಣಸೆಮರಕ್ಕೆ ಕಟ್ಟಿ ಊಟಕ್ಕೆ ಬಂದಿದ್ದ. ಅಮೃತಮಹಲ್ ತಳಿಯ ಎತ್ತು, ಕೊಂಬೆರಡೂ ಹಿಂದಕ್ಕೆ ಬಾಗಿ ತುದಿಯಲ್ಲಿ ಮತ್ತೆ ಮೇಲಕ್ಕೆದ್ದಿದ್ದವು. ಶಂಕರಮ್ಮನಿಗೆ ಏನಾಯಿತೋ, ಎದ್ದು ದೇವರಗೂಡಿನಲ್ಲಿದ್ದ ವಿಭೂತಿ ಗಟ್ಟಿಯನ್ನು ತಂದು, ಹೊಗೆ ಹಿಡಿದು ಕರ್ರಗಾಗಿದ್ದ ಅಡಿಗೆಮನೆಯ ಬಾಗಿಲ ಮೇಲೆ ಆ ಕೊಂಬನ್ನು ಬರೆದಳು. ಕೊಂಬಿಗೊಂದು ತಲೆ ಬೇಕಲ್ಲ, ತಲೆ ಬರೆದಳು. ತಲೆಗೆ ಮೈ ಬೇಕಾಯಿತು.

ಸಂಜೆ ಬಾಗಿಲು ನೋಡಿದ ಮಲ್ಲಿಕಾಂಬನವರು ಹಾಕಿದ ಕೂಗಿಗೆ ಗಲ್ಲದಲ್ಲಿದ್ದ ತೀರ್ಥಪ್ಪ ಎದ್ದು ಓಡಿಬಂದ.

"ಹಣೆಗೆ ಹಚ್ಕೊಳ್ಳೋ ವಿಭೂತೀಲಿ ಎಮ್ಮೆ ಬರ್ದಿದ್ದೀಯೇನೇ! ನಿಮ್ಮಪ್ಪನ ಮನೇಲಿ ಇದೇ ಏನೇ ಕಲಿಸಿದ್ದು?"

"ಎಮ್ಮೆ ಅಲ್ಲ ಅತ್ತೆ," ಅಂದಳು ಶಂಕರಮ್ಮ ತಲೆ ತಗ್ಗಿಸಿಕೊಂಡು. "ಎತ್ತು."

ತಪ್ಪಿಗಿಂತ ಈ ತಿದ್ದುಪಡಿಗೇ ಅತ್ತೆಗೆ ಹೆಚ್ಚು ಸಿಟ್ಟು ಬಂದಿತು. ಇದಕ್ಕೆ ಪ್ರಾಯಶ್ಚಿತ್ತ ಆಗಲೇಬೇಕು ಅಂತ ಹಟ ಹಿಡಿದು ಕೂತರು. ಆ ಸೋಮವಾರ ಬುಕ್ಕಾಂಬುಧಿಯಿಂದ ಅಯ್ಯನವರು ಹೊನ್ನಯ್ಯ ಭಿಕ್ಷಕ್ಕೆ ಬಂದಾಗ ಪ್ರಸಾದ ಮುಗಿಯುವವರೆಗೂ ಕಾದಿದ್ದು ಸೊಸೆಯನ್ನು ಎದುರಿಗೆ ನಿಲ್ಲಿಸಿದರು. ಹೊನ್ನಯ್ಯ ಆಗಿನ್ನೂ ಪ್ರಾಯದವರು. ಹೊರಗೆ ಬಸ್ಸಿನ ಹಾರ್ನು ಕೇಳುತ್ತಿತ್ತು. ಅವರು ಜೋಳಿಗೆ ಹೆಗಲಿಗೇರಿಸಿಕೊಂಡು, ಬಾಗಿಲ ಎತ್ತನ್ನೊಮ್ಮೆ ಶಂಕರಮ್ಮನನ್ನೊಮ್ಮೆ ನೋಡಿ ಹೇಳಿದರು:

"ಇನ್ಮೇಲೆ ವಿಭೂತೀಲಿ ಬರೀಬಾರ್ದು. ಒಂದು ಸ್ಲೇಟು ತಂದ್ಕೊಡಿ. ದಿನಕ್ಕೊಂದು ಬರೀಲಿ. ಅದೇ ಪ್ರಾಯಶ್ಚಿತ್ತ."

"ತಪ್ಪಿದ್ರೆ ಅಯ್ನೋರೆ?"

"ತಪ್ಪಿಸ್ಬಾರ್ದು," ಅಂದವರೇ ಬಸ್ಸಿಗೆ ಓಡಿದರು.

ಎಷ್ಟು ದಿನ ಅಂತ ಅವರು ಹೇಳಲಿಲ್ಲ. ಮಲ್ಲಿಕಾಂಬನವರಿಗೆ ಕೇಳಲೂ ಹೊತ್ತು ಸಿಗಲಿಲ್ಲ. ಮಾರನೆಯ ದಿನವೇ ಸ್ಲೇಟೂ ಒಂದು ಡಬ್ಬಿ ಬಳಪವೂ ಮನೆಗೆ ಬಂದವು. ವ್ರತ ಅಂದ ಮೇಲೆ ಅದಕ್ಕೊಂದು ಕಟ್ಟಳೆ ಬೇಡವೇ? ಅದನ್ನು ಅತ್ತೆಯೇ ಮಾಡಿದರು. ಕಣ್ಣೆದುರಿಗೆ ಇರುವುದನ್ನಷ್ಟೇ ಬರೆಯಬೇಕು. ದೇವರನ್ನು ಬರೆಯಕೂಡದು, ಯಾಕೆಂದರೆ ಬರೆದ ದೇವರನ್ನು ಒರೆಸಲಾಗದು. ಇನ್ನು ಇವತ್ತು ಬರೆದದ್ದು ನಾಳೆ ಬೆಳಿಗ್ಗೆಗೆ ನಿರ್ಮಾಲ್ಯ. ನಿನ್ನೆಯ ಹೂವನ್ನು ತೆಗೆಯದೆ ಇವತ್ತಿನ ಪೂಜೆ ಉಂಟೇ? ಆದ್ದರಿಂದ ಬೆಳಿಗ್ಗೆ ಎದ್ದು ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಬರೆದವಳೇ ಒರೆಸಿದರೆ ಅರ್ಧ ಒರೆಸಿ ಅರ್ಧ ಉಳಿಸಿಕೊಂಡಾಳು. ಆ ಕೆಲಸ ಕಿರಿಯವಳದು.

ಹೀಗೆ ಪ್ರೇಮಮ್ಮನ ಪಾಲಿಗೆ ಒರೆಸುವುದು ಬಂದಿತು.

*

ಮಧ್ಯಾಹ್ನದ ಬಸ್ಸಿಗೆ ಶಂಕರಮ್ಮನ ಮಗ ಬೆನಕಪ್ಪ ತರೀಕೆರೆಯಿಂದ ಬಂದಿಳಿದ. ಅಲ್ಲಿ ಮರ ಕೊಯ್ಯುವ ಸಾಮಿಲ್ಲೊಂದರಲ್ಲಿ ಅವನಿಗೆ ಕೆಲಸ. ಪೋಸ್ಟಾಫೀಸಿನಿಂದ ಮಾಡಿದ ಟ್ರಂಕ್ ಕಾಲು ಸಿಗುವ ಹೊತ್ತಿಗೆ ಬೆಳಗಿನ ಬಸ್ಸು ಹೊರಟುಹೋಗಿತ್ತು. ಒಳಗೆ ಬಂದವನೇ ತಾಯಿಯ ಮೊಣಕಾಲ ಮೇಲೆ ತಲೆಯಿಟ್ಟು ಅತ್ತ. ಭಜನೆಯವರು ಒಂದು ಗಳಿಗೆ ತಾಳ ನಿಲ್ಲಿಸಿದರು. ಆಮೇಲೆ ಕಣ್ಣೊರೆಸಿಕೊಂಡು ತಲೆಯೆತ್ತಿದವನಿಗೆ ಕಂಡದ್ದು ಸ್ಲೇಟು.

"ಅಮ್ಮ ನೆನ್ನೆ ಬರ್ದಿದ್ದಾ ಚಿಕ್ಕಮ್ಮ ಇದು?"

"ಹೂಂ ಕಣಪ್ಪ. ಮಲಗಿದ್ದಲ್ಲೇ ಕೇಳಿ ಈಸ್ಕೊಂಡ್ಲು."

"ಇದನ್ನ ನಾನು ತಗೊಂಡು ಹೋಗ್ತೀನಿ. ತರೀಕೆರೇಲಿ ಗಾಜಿನ ಕಟ್ಟು ಹಾಕಿಸ್ತೀನಿ. ಇಷ್ಟು ವರ್ಷ ಬರ್ದಿದ್ದರಲ್ಲಿ ಒಂದೂ ಉಳಿಲಿಲ್ವಲ್ಲ ಚಿಕ್ಕಮ್ಮ. ಇದೊಂದಾದ್ರೂ ಇರ್ಲಿ."

ತೀರ್ಥಪ್ಪ ಮೂಲೆಯಲ್ಲಿ ಕಂಬಕ್ಕೊರಗಿ ಕೂತಿದ್ದ. ಅಲ್ಲಿಂದಲೇ ಹೇಳಿದ.

"ಅದು ಎಲ್ಲಿಗೂ ಹೋಗಲ್ಲ. ಅವಳ ಜೊತೆ ಗುಣಿಗೆ ಹೋಗ್ತದೆ."

"ಏನಪ್ಪಾಜಿ ನೀವು? ಮಣ್ಣಿಗೆ ಹಾಕ್ತಾರಾ ಅದನ್ನ?"

"ಅವಳನ್ನೇ ಮಣ್ಣಿಗಿಡ್ತಾ ಇದೀವಿ, ಸ್ಲೇಟಿಗೇನೋ!" ತೀರ್ಥಪ್ಪನ ದನಿ ಒಡೆಯಿತು. "ನಾನು ಒಂದಿನಾನೂ ಚೆನ್ನಾಗೈತೆ ಅನ್ನಲಿಲ್ಲ ಕಣೋ. ಗಲ್ಲದಾಗೆ ಕೂತ್ಕೊಂಡು ಇದ್ಬಿಟ್ಟೆ. ಜೊತೆಗೇ ಇರ್ಲಿ ಅವಳಿಗೆ."

ಬಂದವರು ಇಬ್ಬರ ಕಡೆಗೂ ತಲೆಯಾಡಿಸಿದರು. ಲಿಂಗ ಬರೆದ ಸ್ಲೇಟು ಗುಣಿಗೆ ಹೋಗುವುದು ಒಳ್ಳೆಯದೇ ಅಂದರು ಕೆಲವರು. ಮನೆಯಲ್ಲಿಟ್ಟು ಪೂಜೆ ಮಾಡಿದರೆ ಇನ್ನೂ ಒಳ್ಳೆಯದು ಅಂದಳು ಈಶ್ವರಮ್ಮ. ಗಾಡಿಯ ಕರಿಸಿದ್ದಪ್ಪ ಹೊಸಿಲ ಹೊರಗೆ ಕೂತಿದ್ದವನು, "ನನ್ನ ಎತ್ತುನ್ನ ಎಷ್ಟು ಸಲ ಬರ್ದಿತ್ತು ಅವ್ವ," ಅಂದ. "ಕೊಂಬು ಥೇಟು ಅದರದ್ದೇ. ಕಾಲು ಮಾತ್ರ ಹಂದೀ ಕಾಲಂಗೆ ಇರವು." ಅಳುತ್ತಿದ್ದವರಲ್ಲಿ ಇಬ್ಬರು ಮೂವರು ನಕ್ಕುಬಿಟ್ಟರು. ಪ್ರೇಮಮ್ಮನೂ ನಕ್ಕಳು, ನಕ್ಕದ್ದೇ ನೆಪವಾಗಿ ಅವಳಿಗೆ ಅಳು ಒತ್ತರಿಸಿ ಬಂದಿತು.

ಗಾಜಿನ ಕಟ್ಟಾಗಲಿ, ಗುಣಿಯಾಗಲಿ, ಅವಳಿಗೆ ಎರಡೂ ಒಂದೇ. ಎರಡರಲ್ಲಿ ಯಾವುದಾದರೂ ನಾಳೆ ಬೆಳಿಗ್ಗೆ ಎದ್ದರೆ ಒರೆಸಲು ಏನೂ ಇರುವುದಿಲ್ಲ. ಗಂಡ ಹೋದ ಮೇಲೆ ಈ ಮನೆಯಲ್ಲಿ ಪ್ರೇಮಮ್ಮನದು ಅಂತ ಇದ್ದದ್ದು ಇದೊಂದೇ. ನಿನ್ನೆಯದನ್ನು ಚೆನ್ನಾಗಿ ನೋಡಿ, ಒರೆಸಿ, ಕಪ್ಪು ಕಲ್ಲನ್ನು ಅಕ್ಕನ ಕೈಗೆ ಕೊಡುವುದು. ಶಂಕರಮ್ಮ ಬರೆದದ್ದನ್ನೆಲ್ಲ ಒಂದೂ ಬಿಡದೆ ಕಂಡವಳು ಲೋಕದಲ್ಲಿ ಅವಳೊಬ್ಬಳೇ. ಇದನ್ನು ಯಾರ ಮುಂದೆ ಹೇಳುವುದು, ಹೇಗೆ ಹೇಳುವುದು ಎಂದು ಅವಳಿಗೆ ತಿಳಿಯಲಿಲ್ಲ.

*

ಬರೆಯುವುದು ಅಂದರೆ ಶಂಕರಮ್ಮನಿಗೆ ದಿನವೂ ಹಬ್ಬವೇನಾಗಿರಲಿಲ್ಲ. ಈರುಳ್ಳಿ ಸುಗ್ಗಿಯಲ್ಲಿ ಊಟದವರ ಪಂಕ್ತಿ ಮೂರು ಗಂಟೆಯಾದರೂ ಮುಗಿಯುತ್ತಿರಲಿಲ್ಲ. ತವದ ಝಳಕ್ಕೆ ಬೆರಳ ತುದಿಯಲ್ಲಿ ಬೊಕ್ಕೆ ಎದ್ದಿರುತ್ತಿದ್ದವು. ಬಳಪ ಹಿಡಿದುಕೊಂಡೇ ತೂಕಡಿಸಿ, ತಲೆ ಕಂಬಕ್ಕೆ ಬಡಿದಾಗ ಎಚ್ಚರಾಗಿ ಮತ್ತೆ ಬರೆಯುತ್ತಿದ್ದಳು. ಕೆಲವು ದಿನ ಸ್ಲೇಟಿನ ತುಂಬ ಒಂದೇ ಒಂದು ಗೆರೆ.

"ಇದೇನಕ್ಕ?"

"ಬಟ್ಟೆ ಒಣಗಹಾಕೋ ಹಗ್ಗ ಕಣೇ. ಇವತ್ತು ಇಷ್ಟೇ ಆಗಿದ್ದು."

ಪ್ರೇಮಮ್ಮನೂ ಮೊದಮೊದಲು ಒಂದೆರಡು ಸಲ ಕೈಯಾಡಿಸಿದ್ದುಂಟು. ಒಲೆಯ ಮುಂದೆ ಮಲಗಿದ್ದ ಬೆಕ್ಕನ್ನು ಬರೆದಳು, ಅದು ಕುಂಬಳಕಾಯಿಯಾಯಿತು. "ನಂಗೆ ಬರಲ್ಲ ಬಿಡಕ್ಕ," ಅಂತ ಬಳಪ ಕೆಳಗಿಟ್ಟುಬಿಟ್ಟಳು.

"ನಂಗೂ ಬರಲ್ಲ ಕಣೇ," ಅಂದಳು ಶಂಕರಮ್ಮ. ಅದು ಸಮಾಧಾನದ ಮಾತಾಗಿರಲಿಲ್ಲ, ಅವಳು ಹಾಗೆಂದೇ ನಂಬಿದ್ದಳು. "ಬರಲ್ಲ ಅಂತ ಬಿಡೋ ಹಂಗಿಲ್ವಲ್ಲ ನಂಗೆ. ಪ್ರಾಯಶ್ಚಿತ್ತ ನೋಡು."

ಒಂದು ಸಲ ಹೈಸ್ಕೂಲಿಗೆ ಹೊಸದಾಗಿ ಬಂದ ಡ್ರಾಯಿಂಗ್ ಮೇಷ್ಟರು ಊಟಕ್ಕೆ ಬಂದಿದ್ದರು. ಗಲ್ಲದ ಮೇಲೆ ಕೂತಿದ್ದ ಬೆನಕಪ್ಪ, ಆಗ ಹುಡುಗ, ಅಮ್ಮನ ಸ್ಲೇಟನ್ನು ಎತ್ತಿಕೊಂಡು ಹೋಗಿ ತೋರಿಸಿಬಿಟ್ಟ. ಮೇಷ್ಟರು ಕೈ ತೊಳೆದು ಬಂದು, ಕಣ್ಣು ಕಿರಿದು ಮಾಡಿ ನೋಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. "ಮುಖ ಚೆನ್ನಾಗಿ ಬಂದಿದೆಯಮ್ಮ. ಆದ್ರೆ ಕಾಲು ನೆಲದ ಮೇಲೆ ನಿಂತಿಲ್ಲ. ಹಸು ಗಾಳೀಲಿ ತೇಲ್ತಾ ಇದೆ." ಆ ಸಂಜೆ ಶಂಕರಮ್ಮ ಮೆಣಸಿನಕಾಯಿ ರುಬ್ಬುತ್ತ ಅತ್ತಳು. ಯಾಕಕ್ಕ ಅಂದರೆ ಖಾರ ಅಂದಳು. ನಾಳೆಯಿಂದ ಅಯ್ಯನವರು ಏನಾದರೂ ಅಂದುಕೊಳ್ಳಲಿ, ಮುಟ್ಟುವುದಿಲ್ಲ ಅಂದಳು. ಮಾರನೆಯ ದಿನ ಮಧ್ಯಾಹ್ನ ನೋಡಿದರೆ ಸ್ಲೇಟಿನ ತುಂಬ ಬೆಂಚಿನ ಕಾಲು. ಆಮೇಲೆ ಮಂಚದ ಕಾಲು, ಮೇಕೆಯ ಕಾಲು, ಉಣ್ಣಲು ಕೂತವರ ಕಾಲು. ಮಳೆಗಾಲ ಮುಗಿಯುವವರೆಗೆ ಪ್ರೇಮಮ್ಮ ಬೆಳಿಗ್ಗೆ ಎದ್ದು ಕಾಲುಗಳನ್ನೇ ಒರೆಸಿದಳು. ಕರಿಸಿದ್ದಪ್ಪನ ಎತ್ತಿನ ಕಾಲು ಕೊನೆಗೂ ಅವಳಿಗೆ ಒಲಿಯಲಿಲ್ಲ, ಆ ಮಾತು ಬೇರೆ. ಆದರೆ ಹಸು ತೇಲುವುದನ್ನು ನಿಲ್ಲಿಸಿತು.

ಮಲ್ಲಿಕಾಂಬನವರು ಇರುವಷ್ಟು ದಿನ ಸಂಜೆ ದೀಪ ಹಚ್ಚುವ ಮುಂಚೆ, "ಬರ್ದ್ಯೇನೇ?" ಅಂತ ಕೇಳದೆ ಇರಲಿಲ್ಲ. ಹಾಸಿಗೆ ಹಿಡಿದ ಮೇಲೂ ಕೇಳಿದರು. ಅವರು ತೀರಿಕೊಂಡು ವರ್ಷ ತುಂಬಿದ ದಿನ ಹೊನ್ನಯ್ಯನವರು ಮನೆಗೆ ಬಂದರು. ಪ್ರಸಾದಕ್ಕೆ ರೊಟ್ಟಿ ಬೇಯುತ್ತಿತ್ತು. ಪ್ರೇಮಮ್ಮ ಒಲೆಯ ಮುಂದಿನಿಂದಲೇ ಪಿಸುಗುಟ್ಟಿದಳು.

"ಅಕ್ಕ, ಇವತ್ತು ಕೇಳ್ಬಿಡು. ಇನ್ನೂ ಎಷ್ಟು ವರ್ಷ ಅಂತ ಕೇಳು. ಅತ್ತೇನೂ ಇಲ್ಲ ಈಗ. ಬಿಡ್ತೀನಿ ಅಂದ್ರೆ ಬೇಡ ಅನ್ನಲ್ಲ ಅಯ್ನೋರು. ಮಧ್ಯಾಹ್ನ ಒಂದು ಜೊಂಪು ನಿದ್ದೆನಾದ್ರೂ ಮಾಡ್ಬೌದು ನೀನು."

ಶಂಕರಮ್ಮ ರೊಟ್ಟಿಯನ್ನು ಬುಟ್ಟಿಗೆ ಹಾಕಿಕೊಂಡು ನಡುಮನೆಗೆ ಹೋದಳು. ಬಡಿಸಿದಳು. ಇನ್ನೊಂದು ಹಾಕಲೇ ಅಂದಳು. ಅಯ್ಯನವರು ಕೈ ತೊಳೆದರು, ಎಲ್ಲರ ಹಣೆಗೂ ವಿಭೂತಿ ಹಚ್ಚಿ ಹೊರಟರು. ಶಂಕರಮ್ಮ ಬಾಗಿಲವರೆಗೆ ಹೋಗಿ ಅವರ ಪಾದಕ್ಕೆ ನಮಸ್ಕರಿಸಿ ತಿರುಗಿ ಬಂದಳು.

"ಕೇಳ್ದಾ ಅಕ್ಕ?"

"ಇಲ್ಲ ಕಣೇ."

"ಯಾಕಕ್ಕ?"

ಶಂಕರಮ್ಮ ಬುಟ್ಟಿ ಕೆಳಗಿಟ್ಟು, ಸೆರಗಿನಿಂದ ಮುಖದ ಬೆವರು ಒರೆಸಿಕೊಂಡಳು.

"ಕೇಳಿದ್ರೆ, ಸಾಕು ಬಿಡಮ್ಮ ಅಂದ್ಬಿಟ್ರೆ?"

*

ತೋಟದ ಬದುವಿನಲ್ಲಿ, ಮಲ್ಲಿಕಾಂಬನವರ ಸಮಾಧಿಯ ಪಕ್ಕದಲ್ಲೇ ಗುಣಿ ತೋಡಿಸಿದ್ದರು. ಬಾಳೆಕಂಬ ಕಟ್ಟಿ ಚೆಂಡುಹೂವಿನಿಂದ ಅಲಂಕರಿಸಿದ, ಹೆಣ ಕೂರಿಸಿ ಹೊತ್ತು ತಂದ ವಿಮಾನವನ್ನು ಇಳಿಸಿದಾಗ ಹೊತ್ತು ಪಡುವಣಕ್ಕೆ ವಾಲಿತ್ತು. ಗುಣಿಯ ಗೋಡೆಯಲ್ಲಿ ಕೊರೆದ ಗೂಡಿನೊಳಗೆ ಶಂಕರಮ್ಮನನ್ನು ಕೂರಿಸಿದರು. ಹೊನ್ನಯ್ಯನವರಿಗೆ ಈಗ ಗಡ್ಡ ಬೆಳ್ಳಗಾಗಿದೆ. ಮಂತ್ರ ಹೇಳುತ್ತ ಅವರು ವಿಭೂತಿ ಗಟ್ಟಿಗಳನ್ನು ಒಂದೊಂದಾಗಿ ಒಳಗಿಡಿಸಿದರು, ಬಿಲ್ವಪತ್ರೆ ಹಾಕಿಸಿದರು. ಆಗ ತೀರ್ಥಪ್ಪ ಟವಲಿನಲ್ಲಿ ಸುತ್ತಿಕೊಂಡು ಬಂದಿದ್ದ ಸ್ಲೇಟನ್ನು ಬಿಚ್ಚಿ ಎರಡೂ ಕೈಯಲ್ಲಿ ಮುಂದಕ್ಕೆ ಹಿಡಿದ.

"ಇದನ್ನೂ ಇಟ್ಬಿಡಿ ಅಯ್ನೋರೆ. ಕೊನೇಗೆ ಲಿಂಗ ಬರ್ದವಳೆ."

ಜನ 'ಶಿವಶಿವಾ' ಅಂದರು. ಹೊನ್ನಯ್ಯನವರು ಸ್ಲೇಟಿಗೆ ಕೈ ಚಾಚಿದರು. ಹೆಂಗಸರ ಗುಂಪಿನ ಹಿಂದೆ ನಿಂತಿದ್ದ ಪ್ರೇಮಮ್ಮ ಮುಂದಕ್ಕೆ ಬಂದಳು. ನಾಲ್ಕು ಜನ ಗಂಡಸರ ಎದುರು ಗಟ್ಟಿಯಾಗಿ ಮಾತಾಡಿ ಅವಳಿಗೆ ಗೊತ್ತೇ ಇರಲಿಲ್ಲ.

"ಅದು ಲಿಂಗ ಅಲ್ಲ ಅಯ್ನೋರೆ."

ಎಲ್ಲರೂ ತಿರುಗಿದರು.

"ಕಷಾಯದ ಚೊಂಬು," ಅಂದಳು ಪ್ರೇಮಮ್ಮ. "ನೆನ್ನೆ ನಾನೇ ಕಾಯಿಸಿ ಹಾಸಿಗೆ ಪಕ್ಕ ಇಟ್ಟಿದ್ದೆ. ಮೇಲೆ ಬಟ್ಲು ಬೋರಲು ಹಾಕಿದ್ದೆ."

"ಏನ್ ಮಾತೇ ಅದು!" ಈಶ್ವರಮ್ಮ ಗದರಿಸಿದಳು. "ಮತ್ತೆ ಆ ನಾಗರಹೆಡೆ?"

"ಚಮಚ ಈಶ್ವರಕ್ಕ. ಚೊಂಬಿಗೆ ಒರಗಿಸಿ ಇಟ್ಟಿದ್ದೆ. ಬರೀತಾ ಬರೀತಾ ಅಕ್ಕನೇ ಅಂದ್ಲು, ಬಟ್ಲು ಸೊಟ್ಟಗಾಯ್ತು ಕಣೇ ಅಂತ." ಈಗ ಅವಳ ದನಿ ಸ್ವಲ್ಪ ಗಟ್ಟಿಯಾಗಿತ್ತು. "ಸ್ಲೇಟಿನ ಮೇಲೆ ದೇವರನ್ನ ಬರೀಬಾರ್ದು, ಒರೆಸೋಕಾಗಲ್ಲ ಅಂತ ನಮ್ಮತ್ತೆ ಹೇಳಿದ್ರು. ಅಕ್ಕ ಒಂದಿನಾನೂ ಅದನ್ನ ಮೀರಿಲ್ಲ. ಸಾಯೋ ಹೊತ್ತಲ್ಲಿ ಮೀರ್ತಾಳಾ?"

ಹೊನ್ನಯ್ಯನವರು ಸ್ಲೇಟನ್ನು ಬಿಸಿಲಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು. ಬಟ್ಟಲು ಸೊಟ್ಟಗಿರುವುದು ಅವರಿಗೂ ಕಂಡಿತೋ ಏನೋ. ಗಡ್ಡದೊಳಗೆ ಸಣ್ಣದೊಂದು ನಗು ಬಂದು ಹೋಯಿತು.

"ಚೊಂಬೇ ಕಣಪ್ಪ ತೀರ್ಥಪ್ಪ," ಅಂದರು. "ಈ ತಾಯಿ ಕೈಯಾಗೆ ಆಗಲೇ ಲಿಂಗ ಐತೆ. ಇವಳಿಗೆ ಇನ್ನೇನೂ ಬೇಕಾಗಿಲ್ಲ. ಚೊಂಬು ಮನೇಲಿರಬೇಕಾದ್ದು, ಮನೇಲಿರ್ಲಿ."

ತೀರ್ಥಪ್ಪ ಸ್ಲೇಟನ್ನು ವಾಪಸು ತೆಗೆದುಕೊಂಡು ಅದನ್ನೇ ನೋಡುತ್ತ ನಿಂತ. ಆಮೇಲೆ ಗೂಡಿನ ಕಡೆ ಬಗ್ಗಿ, ತಾನೂ ಹೆಂಡತಿಯೂ ಇಬ್ಬರೇ ಇರುವಾಗ ಮಾತಾಡುವಷ್ಟೇ ದನಿಯಲ್ಲಿ ಹೇಳಿದ. "ಚೆನ್ನಾಗೈತೆ ಕಣೇ."

ಒಬ್ಬೊಬ್ಬರೂ ಹಿಡಿ ಮಣ್ಣು ಹಾಕಿದರು.

*

ಮನೆಗೆ ಬಂದು ಎಲ್ಲರೂ ಕೈಕಾಲು ತೊಳೆದರು. ಶಂಕರಮ್ಮ ಕೂತಿದ್ದ ಜಾಗದಲ್ಲಿ ದೀಪ ಹಚ್ಚಿಟ್ಟಿದ್ದರು. ಅದಕ್ಕೆ ಕೈ ಮುಗಿದು ಜನ ಚದುರಿದರು. ಈಶ್ವರಮ್ಮ ಇನ್ನೂ ಮುನಿಸಿನಲ್ಲೇ ಇದ್ದಳು, ಆದರೂ ಮೂರೂ ಜನಕ್ಕೆ ಉಪ್ಪಿಟ್ಟು ತಂದಿಟ್ಟು ಹೋದಳು. ಹೊನ್ನಯ್ಯನವರು ಒಂದು ಲೋಟ ಹಾಲು ಕುಡಿದು, ಜೋಳಿಗೆ ಪಕ್ಕಕ್ಕಿಟ್ಟುಕೊಂಡು ಜಗಲಿಯ ಮೇಲೆ ಕೂತರು.

"ನಿಜ ಹೇಳ್ಬೇಕಂದ್ರೆ ತಾಯಿ," ಅಂದರು ಪ್ರೇಮಮ್ಮನಿಗೆ, "ಆವತ್ತು ಬಸ್ಸಿಗೆ ಹೊತ್ತಾಗಿತ್ತು. ಬಾಯಿಗೆ ಬಂದದ್ದು ಹೇಳಿ ಓಡಿದ್ದೆ. ಈಯಮ್ಮ ಅದನ್ನ ಇಷ್ಟು ವರ್ಷ ನಡೆಸ್ಕೊಂಡು ಬಂದ್ಲು ಅಂತ ಗೊತ್ತಾಗಿದ್ದೇ ಇವತ್ತು."

ಬೆನಕಪ್ಪ ಸ್ಲೇಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ತಲೆಯೆತ್ತಿ ಕೇಳಿದ. "ಹಂಗಾದ್ರೆ ನೀವೇ ಒಂದು ಮಾತು ಹೇಳ್ಬಿಡಿ ಅಯ್ನೋರೆ. ಅಮ್ಮನ ಪ್ರಾಯಶ್ಚಿತ್ತ ಇವತ್ತಿಗೆ ಮುಗೀತು ಅಲ್ವಾ? ಮುಗೀತು ಅಂದ್ರೆ, ಚೊಂಬೇ ಆಗ್ಲಿ, ಇದಕ್ಕೆ ನಾನು ಕಟ್ಟು ಹಾಕಿಸ್ಕೊಳ್ತೀನಿ."

ಹೊನ್ನಯ್ಯನವರು ಗಡ್ಡ ನೀವಿಕೊಂಡರು. ಉತ್ತರ ಅವರ ತುಟಿಯವರೆಗೆ ಬಂದದ್ದನ್ನು ಪ್ರೇಮಮ್ಮ ಕಂಡಳು. ರೊಟ್ಟಿಯ ಬುಟ್ಟಿ ಹಿಡಿದುಕೊಂಡು ಸುಮ್ಮನೆ ವಾಪಸು ಬಂದ ಅಕ್ಕನ ಮುಖ ಕಣ್ಣಿಗೆ ಕಟ್ಟಿತು.

"ಅಯ್ನೋರೆ," ಅಂದಳು ಎದ್ದು ನಿಂತು, "ನಿಮ್ಗೆ ಬಸ್ಸಿಗೆ ಹೊತ್ತಾಯ್ತು."

ಹೊನ್ನಯ್ಯನವರು ಬಾಯಿ ಮುಚ್ಚಿಕೊಂಡರು. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಅದು ಅವರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವರು ಅವಳನ್ನೇ ಒಂದು ಗಳಿಗೆ ನೋಡಿ, ಜೋಳಿಗೆ ಹೆಗಲಿಗೇರಿಸಿಕೊಂಡು ಎದ್ದರು. "ಹೌದು ತಾಯಿ, ಹೊತ್ತಾಯ್ತು," ಅಂದರು. ಅವಳ ಹಣೆಗೆ ವಿಭೂತಿ ಹಚ್ಚಿ, ಬೇರೇನೂ ಹೇಳದೆ ಮೆಟ್ಟಿಲಿಳಿದು ಹೋದರು.

ಪ್ರೇಮಮ್ಮ ಬೆಳಗಿನ ಬಟ್ಟೆಯನ್ನು ಮತ್ತೆ ನೀರಿನಲ್ಲಿ ಅದ್ದಿ ತಂದಳು. ಬೆನಕಪ್ಪನ ತೊಡೆಯ ಮೇಲಿಂದ ಸ್ಲೇಟನ್ನು ಎತ್ತಿಕೊಂಡಳು. ಚೊಂಬನ್ನು ಬುಡದಿಂದ ಬಟ್ಟಲವರೆಗೆ, ಚಮಚವನ್ನು ಹಿಡಿಯಿಂದ ತುದಿಯವರೆಗೆ, ದಿನವೂ ನೋಡುವ ಹಾಗೆ ಪೂರ್ತಿ ನೋಡಿದಳು. ಆಮೇಲೆ ಒರೆಸಿದಳು.

"ಚಿಕ್ಕಮ್ಮಾ!"

"ನೆನ್ನೇದು ಕಣಪ್ಪ ಅದು," ಅಂದಳು ಪ್ರೇಮಮ್ಮ. ಕಣ್ಣಿಂದ ನೀರು ಇಳಿಯುತ್ತಿತ್ತು, ಕೈ ಮಾತ್ರ ನಿಲ್ಲಲಿಲ್ಲ. "ನಿಮ್ಮಮ್ಮ ಬರ್ದಿದ್ದು ಕಟ್ಟು ಹಾಕಿಸೋಕಲ್ಲ ಕಣೋ. ನಾಳೆ ಇನ್ನೊಂದು ಬರಿಯೋಕೆ."

ಬೆನಕಪ್ಪ ಕಪ್ಪಗೆ ಮಿನುಗುತ್ತಿದ್ದ ಒದ್ದೆ ಕಲ್ಲನ್ನೇ ನೋಡುತ್ತ ಕೂತ. ಅಳುತ್ತಾನೇನೋ, ಬೈಯುತ್ತಾನೇನೋ ಎಂದು ಪ್ರೇಮಮ್ಮ ಕಾದಳು. ಅವನು ಎರಡನ್ನೂ ಮಾಡಲಿಲ್ಲ. ಕಂಬಕ್ಕೊರಗಿದ್ದ ತೀರ್ಥಪ್ಪ, "ಇನ್ನು ಬರಿಯೋರು ಯಾರಮ್ಮ?" ಅಂದ ಮೆಲ್ಲಗೆ.

ಪ್ರೇಮಮ್ಮ ಸ್ಲೇಟು ಒಣಗುವವರೆಗೆ ಕಾದು, ಡಬ್ಬಿಯಿಂದ ಅಕ್ಕ ಅರ್ಧ ಸವೆಸಿಟ್ಟಿದ್ದ ಬಳಪದ ಚೂರನ್ನು ಹುಡುಕಿ ತೆಗೆದಳು. ನಡುಮನೆಯ ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಕಣ್ಣೆದುರಿಗೆ ಇರುವುದನ್ನಷ್ಟೇ ಬರೆಯಬೇಕು. ಎದುರಿಗಿದ್ದದ್ದು ಗೋಡೆ. ಶಂಕರಮ್ಮನ ತಲೆ ಒರಗಿದ್ದ ಕಡೆ ಎಣ್ಣೆಯೂ ವಿಭೂತಿಯೂ ಅಂಟಿದ ಒಂದು ದುಂಡನೆಯ ಕಲೆ. ಅದರ ಮೇಲೆ, ಬೆಳಿಗ್ಗೆ ಬಟ್ಟೆ ಕಟ್ಟಿದ್ದ ಗೂಟ. ಪ್ರೇಮಮ್ಮ ಗೂಟದಿಂದ ಶುರು ಮಾಡಿದಳು. ಮೊದಲ ಗೆರೆ ಡೊಂಕಾಯಿತು, ಎರಡನೆಯದು ಮೊದಲನೆಯದಕ್ಕಿಂತ ಡೊಂಕಾಯಿತು.

"ಇದೇನು ಚಿಕ್ಕಮ್ಮ, ಮೂಲಂಗಿನಾ?" ಅಂದ ಬಗ್ಗಿ ನೋಡಿದ ಬೆನಕಪ್ಪ. ಇಡೀ ದಿನದಲ್ಲಿ ಅವನ ದನಿಯಲ್ಲಿ ಅಳು ಇಲ್ಲದ ಮೊದಲ ಮಾತು ಅದು.

"ಗೂಟ ಕಣೋ. ನಂಗೆ ಬರಲ್ಲ ಅಂತ ಊರಿಗೇ ಗೊತ್ತು. ನೀನು ಸುಮ್ನೆ ಬೆಳಿಗ್ಗೆ ಎದ್ದು ಒರೆಸು."

ಬೆನಕಪ್ಪ ಒದ್ದೆ ಬಟ್ಟೆಯನ್ನು ಕೈಗೆತ್ತಿಕೊಂಡ. ಹಿತ್ತಲಿಗೆ ಹೋಗಿ ಹಿಂಡಿದ, ಕೊಡವಿದ. ಬೆಳಿಗ್ಗೆ ಕೈಗೆ ಸಿಗಲಿ ಅಂತ ಒಳಗೆ ತಂದು, ಎಲ್ಲಿ ಹಾಕಲಿ ಎಂದು ಸುತ್ತ ನೋಡಿ, ಗೋಡೆಯ ಗೂಟಕ್ಕೇ ನೇತುಹಾಕಿದ.

"ಅಯ್ಯೋ, ಬರೀತಾ ಇದೀನಲ್ಲೋ ಅದನ್ನ!" ಅಂದಳು ಪ್ರೇಮಮ್ಮ.

ಅವನು ತೆಗೆಯಲು ಕೈ ಎತ್ತಿದ.

"ಇರ್ಲಿ ಬಿಡು," ಅಂದಳು. ಕಣ್ಣೊರೆಸಿಕೊಂಡು, ಸ್ಲೇಟನ್ನು ಬೆಳಕಿನ ಕಡೆ ತಿರುಗಿಸಿಕೊಂಡು, ಗೂಟದ ಕೆಳಗೆ ಆ ಬಟ್ಟೆಯನ್ನೂ ಬರೆಯತೊಡಗಿದಳು.